ಎಲೆಗೆ ಸುಣ್ಣ

ಭಟ್ಟಿ ಆರಿದ ಮರುದಿನ ಫಕ್ಕೀರವ್ವ ಸುಣಗಾರ
ಸುಟ್ಟ ಕಲ್ಲೊಂದು ನನ್ನ ಅಂಗೈಗಿಟ್ಟಳು:
‘ಹಗುರಾಗೇತಿ, ನೋಡು.
ನೂರು ಸೇರು ಕಲ್ಲು ಒಳಗ ಹ್ವಾದರ
ಐವತ್ತಾರು ಹೊರಗ ಬರತೈತಿ.
ಉಳಿದದ್ದು ಗಾಳಿ ಪಾಲು.’

ನಲವತ್ನಾಲ್ಕು ಸೇರು!
ಹೊಗೆಯಾದರೆ ಕಂಡೀತು, ಕಣ್ಣು ಉರಿದೀತು.
ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.
ಸವಣೂರಿನ ಮೇಲೆ ಹೊದಿಸಿ
ಯಾರೂ ಮಡಚಿಡದ ಕೌದಿ.

ಹಿತ್ತಲಾಚೆ ಮೈನುದ್ದೀನನ ಎಲೆಬಳ್ಳಿ
ಎಲೆಯಡಿಯ ಸಾವಿರ ಬಾಯಿ ತೆರೆದು
ಅದನ್ನೇ ಉಂಡು ಮೈ ಕಟ್ಟುತ್ತದೆ.
ಆದರೆ ಈ ಸಲ ಶಿವರಾತ್ರಿಗೇ ಧಗೆ:
ಬಾಯಿ ತೆರೆದರೆ ನೀರು ಹೋಗುತ್ತದೆ,
ಮುಚ್ಚಿದರೆ ಹಸಿವು.
ಸುತ್ತಲೂ ಊಟ, ಬಳ್ಳಿ ಉಪವಾಸ.

‘ಗ್ವಾಡಿಗೆ ಹಚ್ಚಿದ ಸುಣ್ಣ
ಬಿಟ್ಟ ಉಸಿರು ತಿರುಗಿ ಎಳಕೊಂಡು
ಮತ್ತ ಕಲ್ಲಾಗತೈತಿ’ ಎಂದಳು,
ಸಾಲ ತೀರಿಸಿದವಳ ಹಾಗೆ.
‘ಭಟ್ಟಿಗೆ ಹಾಕಿದ ಇದ್ದಲಿ? ಅದರ ಉಸಿರು?’

ಅಷ್ಟರಲ್ಲಿ ಎಲೆಯ ತೊಟ್ಟು ಚಿವುಟಿ,
ಬೆನ್ನಿಗೆ ಸುಣ್ಣ ಸವರಿ, ಮಡಚಿ
ದವಡೆಗಿಟ್ಟಿದ್ದಳು.
ಬಾಯಿ ತುಂಬಿತ್ತು.
ಸುಣ್ಣ ತಿಂದು ಬಿರಿದ ತೋರುಬೆರಳಿನಿಂದ
ಆಕಾಶದ ಕಡೆಯೋ ಬಳ್ಳಿಯ ಕಡೆಯೋ
ಏನನ್ನೋ ತೋರಿಸಿದಳು.