ಎಲ್ಲಾ ಸೇರಿ

"ನೀರು, ಕರೆಂಟು, ಗ್ಯಾಸು, ಎಲ್ಲಾ ಸೇರಿಯೇ ಮಾರಾಯ್ರೆ"
ಅಂದ ಬ್ರೋಕರ್ ವಲೇರಿಯನ್,
ಕಾವೂರಿನ ಏಳನೇ ಮಾಳಿಗೆಯ ಬಾಗಿಲು ತೆಗೆದು.
ವಾರಿಜಳ ಮೊಣಕಾಲಿಗೆ ಲಿಫ್ಟ್ ಬೇಕಿತ್ತು.
ಹನ್ನೊಂದು ತಿಂಗಳ ಕರಾರು.

ಮೀಟರ್ ಎಲ್ಲುಂಟು, ಕೇಳಿದೆ.
ನಕ್ಕ: "ನಿಮಗೆಂತಕ್ಕೆ ಅದು?"

ಮೂವತ್ತೊಂದು ವರ್ಷ ಅದನ್ನೇ ಓದಿದವ ನಾನು,
ಕುದ್ರೋಳಿ, ಬೋಳಾರ, ದೋಣಿ ದಾಟಿ ಬೆಂಗ್ರೆ;
ಗಾಜಿನ ಮೇಲಿನ ಜೇಡರಬಲೆ ಅಂಗೈಯಲ್ಲಿ ಒರೆಸಿ,
ನಾಯಿಗಳ ಹೆಸರು ಸಹಿತ ಗೊತ್ತಿದ್ದವ.

ಇಲ್ಲಿ ವಾರಿಜ ಗೀಸರ್ ಹಾಕಿ
ನಲವತ್ತು ನಿಮಿಷ ಮೀಯುತ್ತಾಳೆ.
ನಾನು ಬಾಗಿಲು ಬಡಿಯುವುದಿಲ್ಲ.
ಬಡಿದರೂ ಯಾವ ಲೆಕ್ಕ ಹೇಳಲಿ?
ಹೊರಬಂದವಳ ಬೆನ್ನಿಂದ ಹಬೆ ಏಳುತ್ತದೆ
ಈಗಷ್ಟೇ ಇಳಿಸಿದ ಮೂಡೆಯಿಂದ ಎದ್ದಂತೆ.
ಇಷ್ಟು ವರ್ಷ ಇವಳು
ಅರ್ಧ ಕೊಡಪಾನದಲ್ಲಿ ಮಿಂದಳು, ನನ್ನ ಕೆಮ್ಮು ಕೇಳುತ್ತ.

ರಾತ್ರಿ ಎದ್ದು
ಲೈಟುಗಳನ್ನು ಒಂದೊಂದೇ ಆರಿಸುತ್ತೇನೆ.
ಬಾಲ್ಕನಿಯದ್ದು ಮಾತ್ರ ಆರುವುದಿಲ್ಲ,
ಅದರ ಸ್ವಿಚ್ಚು ಕೆಳಗೆ ಆಫೀಸಿನಲ್ಲಿ ಉಂಟಂತೆ.
ಚಂದಕ್ಕೆ, ಬೆಳಗಿನವರೆಗೂ.

ಅದರಡಿ ಕೂತರೆ
ಬೆಂಗ್ರೆಯ ಆಸ್ಯಮ್ಮ ಬರುತ್ತಾಳೆ.
ಇನ್ನೂರ ಹನ್ನೆರಡು ರೂಪಾಯಿ ಬಾಕಿ.
ಮುಸ್ಸಂಜೆ. ಫ್ಯೂಸ್ ಕಿತ್ತು ಚೀಲಕ್ಕೆ ಹಾಕಿದೆ.
ಹಿಡಿ ಇನ್ನೂ ಬೆಚ್ಚಗಿತ್ತು.
ಅವಳು ಏನೂ ಅನ್ನಲಿಲ್ಲ.
ಬಿಸಿಲಲ್ಲಿ ಬಂದಿದ್ದೀರಿ, ನಿಲ್ಲಿ, ಎಂದು ಒಳಹೋಗಿ
ಆ ಕತ್ತಲೆಯ ಅಡುಗೆಮನೆಯಿಂದ
ಒಂದು ತುಂಡು ಬೆಲ್ಲ, ಚೊಂಬು ತುಂಬ ನೀರು ತಂದಳು,
ಹೊಸ್ತಿಲು ತಡವದೆ,
ಒಂದು ತೊಟ್ಟೂ ಚೆಲ್ಲದೆ.