ಬಲೆಯ ಕಣ್ಣು

ಹುದ್ದೆಯ ಹೆಸರು ಉದ್ದ, ಅವಧಿ ಗಿಡ್ಡ:
ಹದಿನೆಂಟು ತಿಂಗಳು.
ಹಲ್ ಪಟ್ಟಣದ ವಿಶ್ವವಿದ್ಯಾಲಯ, ನೆಲಮಾಳಿಗೆ,
ಕಿಟಕಿಯಿಲ್ಲದ ಒಂದು ಕೋಣೆ.
ಫೋನು, ಪೆನ್ನು, ಚೀಟಿ ಎಲ್ಲ ಹೊರಗಿನ ಕಪಾಟಿಗೆ.
ಒಳಗೆ ನಾನು, ಒಂದು ಪರದೆ,
ಮತ್ತೆ ಹನ್ನೊಂದು ವರ್ಷದಲ್ಲಿ ಕಟಕಟೆ ಹತ್ತಿದ
ಅಷ್ಟೂ ಮಕ್ಕಳು.

ಹೆಸರಿಲ್ಲ ಯಾರಿಗೂ. ಹೆಸರು ಕಿತ್ತು
ಅಂಕೆ ಅಂಟಿಸಿ ಕಳಿಸಿದ್ದಾರೆ.
ಸಾಲಿಗೊಂದು ಮಗು, ಕಾಲಮ್ಮಿಗೊಂದು ಪ್ರಶ್ನೆ:
ವಯಸ್ಸು. ಆರೋಪ. ಜಾಮೀನು ಉಂಟೋ ಇಲ್ಲವೋ.
ಜೊತೆಗೆ ಬಂದವರು ಯಾರು? ತಾಯಿ ಒಂದು, ತಂದೆ ಎರಡು,
ಅಜ್ಜಿ ಆರು,
ಯಾರೂ ಬರಲಿಲ್ಲವಾದರೆ ತೊಂಬತ್ತೆಂಟು,
ಯಾರೂ ಕೇಳಲೇ ಇಲ್ಲವಾದರೆ ತೊಂಬತ್ತೊಂಬತ್ತು.
ಎರಡಕ್ಕೂ ನಡುವೆ ಒಂದೇ ಒಂದರ ಅಂತರ;
ಮೊದಲ ತಿಂಗಳೆಲ್ಲ ನಾನು ಅಲ್ಲೇ ಎಡವುತ್ತಿದ್ದೆ.

ಅಪ್ಪ ಇದೇ ಊರಿನ ಬಂದರಿನಲ್ಲಿ ಮೀನು ಎಣಿಸಿದವನು.
ಬೆಳಗಿನ ಮೂರಕ್ಕೆದ್ದು ಹೋಗಿ, ಹರಾಜಿಗೆ ಮುಂಚೆ,
ಕಾಡ್, ಹ್ಯಾಡಕ್, ಪೆಟ್ಟಿಗೆ ಪೆಟ್ಟಿಗೆ.
ಅವನ ಜೇಬಿನಲ್ಲೊಂದು ಹಿತ್ತಾಳೆಯ ಅಳತೆಪಟ್ಟಿ,
ಉಪ್ಪು ತಿಂದು ಹಸಿರಾದದ್ದು.
ಅದಕ್ಕಿಂತ ಗಿಡ್ಡ ಮೀನು ಮಾರುವ ಹಾಗಿಲ್ಲ, ಕಾನೂನು.
"ಬಲೆಯ ಕಣ್ಣು ದೊಡ್ಡದಿರಬೇಕು ಮರೀ,
ಚಿಕ್ಕದು ತಾನಾಗಿ ನುಸುಳಿ ಹೋಗೋ ಹಾಗೆ" ಅನ್ನುತ್ತಿದ್ದ.
ಇಂಗ್ಲೆಂಡಿನಲ್ಲಿ ಮಕ್ಕಳ ಬಲೆಯ ಕಣ್ಣು
ಹತ್ತು ವರ್ಷ.
ಹತ್ತು ತುಂಬಿದ ದಿನವೇ ಸಿಕ್ಕಿಬೀಳಬಹುದು,
ಕೇಕಿನ ಮೇಲಿನ ಬತ್ತಿ ಆರಿಸಿದ ಉಸಿರು
ಇನ್ನೂ ಬಾಯಲ್ಲಿರುವಾಗ.

ಅಂಥವರ ಎಣಿಕೆಯನ್ನು ಈ ಕೋಣೆಯಿಂದ ಒಯ್ಯುವಂತಿಲ್ಲ.
ಸಂಖ್ಯೆ ತೀರ ಚಿಕ್ಕದಾದರೆ ಅದನ್ನಳಿಸಿ
ನಕ್ಷತ್ರ ಇಡಬೇಕು, ಗುರುತು ಸಿಕ್ಕೀತು ಅಂತ.
ಒಳ್ಳೆಯ ನಿಯಮ. ನಾನೇ ಸಹಿ ಹಾಕಿದ್ದೇನೆ.
ಆದರೂ ನನ್ನ ಕೋಷ್ಟಕದ ಎಡತುದಿ
ಅಮಾವಾಸ್ಯೆಯ ಆಕಾಶದ ಹಾಗಿದೆ.

ನವೆಂಬರಿನ ಒಂದು ಮಂಗಳವಾರ
ಸಾಲು ನಲವತ್ತೊಂದು ಸಾವಿರದ ಎಪ್ಪತ್ತೆರಡರ ಹುಡುಗ
ಹತ್ತೂಕಾಲಿಗೆ ಗ್ರಿಮ್ಸ್‌ಬಿಯ ಕೋರ್ಟಿನಲ್ಲಿ ನಿಂತಿದ್ದ.
ಅದೇ ಹತ್ತೂಕಾಲಿಗೆ ಡಾನ್‌ಕಾಸ್ಟರಿನಲ್ಲೂ ನಿಂತಿದ್ದ.
ನಡುವೆ ಐವತ್ತು ಮೈಲಿ.

"ಗುಮಾಸ್ತರ ಕೈತಪ್ಪು, ಒಂದನ್ನು ಅಳಿಸಿಬಿಡು,"
ಅಂದಳು ಚಹಾದ ಹೊತ್ತಿಗೆ ಲೋರ್ನಾ ಹೆಸಲ್‌ವುಡ್.
ಅಳಿಸಲು ಬೆರಳಿಟ್ಟೆ.
ತೆಗೆದೆ.
ಹಿಂದಿಂದಕ್ಕೆ ಹೋದೆ, ಶಾಲೆಯ ದಾಖಲೆಗೆ:
ಒಂದೇ ಜನ್ಮದಿನ, ಒಂದೇ ಮನೆ, ಎಂಟರ ತನಕ.
ಆಮೇಲೆ ಒಂದೇ ವಾರ
ಎರಡು ಊರಿನ ಎರಡು ಶಾಲೆಯಲ್ಲಿ ಹಾಜರಿ.

ಅವಳಿ.
ಬೇರೆ ಬೇರೆ ಸಾಕುಮನೆಗೆ ಕಳಿಸಿದ್ದರು.
ಸರ್ಕಾರ ಬೇರ್ಪಡಿಸಿದ್ದನ್ನು ಯಂತ್ರ ಕೂಡಿಸಿಬಿಟ್ಟಿತ್ತು,
ಒಬ್ಬನ ತಪ್ಪಿನ ಮೇಲೆ ಇನ್ನೊಬ್ಬನದು ಪೇರಿಸಿ
'ಪದೇ ಪದೇ ಅಪರಾಧಿ' ಎಂದು ಷರಾ ಬರೆದು.

ಎರಡು ಗೆರೆಯ ಆಜ್ಞೆ, ಒಂದು ಗುಂಡಿ.
ಮೊತ್ತ ಒಂದು ಹೆಚ್ಚಾಯಿತು.
ಈಗ ಒಬ್ಬನಿಗೆ ಒಂದೇ ಆರೋಪ: ಅಂಗಡಿಯ ಗಾಜು.
ಇನ್ನೊಬ್ಬನಿಗೆ ನಾಲ್ಕು; ಕೊನೆಯದಕ್ಕೆ ಹದಿನೆಂಟು ತಿಂಗಳು,
ನನ್ನ ನೌಕರಿಯಷ್ಟೇ ಉದ್ದ.
ಇಬ್ಬರ ಮುಂದೆಯೂ, ಜೊತೆಗೆ ಬಂದವರ ಕಾಲಮ್ಮಿನಲ್ಲಿ,
ತೊಂಬತ್ತೆಂಟು.

ಆ ಹತ್ತೂಕಾಲಿಗೆ
ಒಬ್ಬನ ಸುದ್ದಿ ಇನ್ನೊಬ್ಬನಿಗೆ ಗೊತ್ತಿತ್ತೇ?
ಅದಕ್ಕೆ ಕಾಲಂ ಇಲ್ಲ.

ಕಪಾಟಿನಿಂದ ಫೋನು ತೆಗೆದುಕೊಳ್ಳುವಾಗ ಹೊಳೆಯಿತು:
ಎಂಟರ ನಂತರ ಅವರಿಬ್ಬರೂ ಕೂಡಿ ಇದ್ದ ಜಾಗ
ಆ ತಪ್ಪು ಸಾಲು ಒಂದೇ.
ಹೊರಗೆ ಹಂಬರ್ ನದಿಯ ಕೆಸರುವಾಸನೆ, ಕಡಲಹಕ್ಕಿಗಳ ಜಗಳ.
"ಸರಿಹೋಯಿತಾ?" ಕೇಳಿದಳು ಲೋರ್ನಾ, ಕೋಟಿನ ಗುಂಡಿ ಹಾಕುತ್ತಾ.
ಸರಿಹೋಯಿತು ಅಂದೆ.