ಮೂರನೇ ದಶಾಂಶ

ಈ ದೇಶದ ದುಡ್ಡಿಗೆ ಚುಕ್ಕಿಯಾಚೆ ಮೂರು ಅಂಕಿ.
ಎರಡಕ್ಕೆ ಒಗ್ಗಿದ ಕಣ್ಣು ನನ್ನದು.
ಮೂರನೆಯದು ಆರೋ ಎಂಟೋ ಎಂದು
ಮುಖ ಮುಂದೆ ಹೋಯಿತು, ಮುಖದ ಹಿಂದೆ ಕುತ್ತಿಗೆ,
ಕುತ್ತಿಗೆಯ ಹಿಂದೆ ಬೆನ್ನು.
ಹನ್ನೊಂದು ವರ್ಷ, ಮಸ್ಕತ್ತಿನ ವಾದಿ ಕಬೀರಿನಲ್ಲಿ
ಟೈಲ್ಸ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ
ಒಂದೊಂದು ಬೈಸಾದ ಬೆನ್ನು ಹತ್ತಿ.

ಹೊರಡುವಾಗ ಕಂಕನಾಡಿಯ ಬಸ್ ಸ್ಟಾಪಿನಲ್ಲಿ
ದೊಡ್ಡ ಭಾವ ಹೇಳಿದ್ದರು:
"ತಲೆ ತಗ್ಗಿಸಿ ಕೆಲಸ ಮಾಡು ಮಾರಾಯ,
ಯಾರ ತಂಟೆಗೂ ಹೋಗಬೇಡ."
ಮಾತು ಮೀರಲಿಲ್ಲ ನಾನು.
ಎಷ್ಟು ಮೀರಲಿಲ್ಲವೆಂದರೆ
ಕಳೆದ ಡಿಸೆಂಬರಿನಲ್ಲಿ ಕಾರು ಹಿಂದೆ ತೆಗೆಯಲು
ತಿರುಗಿ ನೋಡಹೋದರೆ
ಕತ್ತು ತಿರುಗಲೇ ಇಲ್ಲ.
ಕಂಬಕ್ಕೆ ತಾಗಿತು.
ಕಂಬಕ್ಕೇನೂ ಆಗಲಿಲ್ಲ.

ರೂವಿಯ ಕ್ಲಿನಿಕ್ಕಿನಲ್ಲಿ
ತ್ರಿಶೂರಿನ ಬಿಂದುಜಾ, ಫಿಸಿಯೋ,
ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನಕ್ಕಳು:
"ಕತ್ತಿನ ಎಲುಬು ಬಿಲ್ಲಿನ ಹಾಗೆ ಬಾಗಿರಬೇಕು.
ನಿಮ್ಮದು ಸ್ಕೇಲು."
ನೋಡಿ ನ್ಯಾಯ!
ಎಲ್ಲರೆದುರು ಬಾಗಿದವನ ಒಳಗೆ
ಎಲುಬೊಂದು ಸೆಟೆದು ನಿಂತಿತ್ತು.

"ಶಾಖ ಕೊಡುತ್ತೇನೆ, ನೋವು ಹೋದೀತು.
ನಾಳೆ ಅದೇ ಮೇಜಿಗೇ ಹೋಗುತ್ತೀರಲ್ಲ, ಅದಕ್ಕೇನು ಮಾಡಲಿ?"
ಸ್ಟೂಲಿನ ಮೇಲೆ ಕೂರಿಸಿ
ಬೆರಳಿನಿಂದ ಗಲ್ಲವನ್ನು ಹಿಂದಕ್ಕೆ ತಳ್ಳಿದಳು.
ಕಿವಿ ಹೆಗಲಿನ ನೇರಕ್ಕೆ.
ಪಾದ ಪೂರ್ತಿ ಊರಿರಲಿ.
ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ.
"ಅರ್ಧ ಗಂಟೆಗೊಮ್ಮೆ ಏಳಿ, ಸುಮ್ಮನೆ."
"ಸುಮ್ಮನೆ ಅಂದರೆ?"
"ಸುಮ್ಮನೆ ಅಂದರೆ ಸುಮ್ಮನೆ."

ಪರದೆಗೊಂದು ಸ್ಟ್ಯಾಂಡು ಕೇಳಿದೆ.
"ಬಜೆಟ್ಟಿನಲ್ಲಿ ನೋಡೋಣ" ಅಂದರು ಧಣಿ,
ಬಜೆಟ್ಟು ಬರೆಯುವವನಿಗೇ.
ಕಪಾಟು ತೆರೆದೆ. ವಸೂಲಾಗದ ಬಾಕಿಯ ಫೈಲುಗಳು:
ರಾತ್ರೋರಾತ್ರಿ ಬಾಗಿಲೆಳೆದ ಗುತ್ತಿಗೆದಾರರು,
ಸ್ನಾನದ ಮನೆಗೆ ಟೈಲು ಹಾಕಿಸಿ ಫೋನೆತ್ತದವರು.
ದಪ್ಪ ನೋಡಿ ಮೂರನ್ನು ಪರದೆಯ ಕೆಳಗಿಟ್ಟೆ.
ಇಷ್ಟು ವರ್ಷಕ್ಕೆ ಮೊದಲ ಸಲ
ಆ ಬಾಕಿಯಿಂದ ಏನೋ ಬಂತು.

ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.
ಗೋದಾಮಿನ ಮೊತಾಲಿಬ್
ಮೂಲೆ ಒಡೆದ ಟೈಲಿನ ಪೆಟ್ಟಿಗೆ ತಂದ.
ಮಂಡಿ ಮಡಿಸಿ ಕೂತು, ಹೊಟ್ಟೆಗೆ ಅವಚಿ,
ತೊಡೆಯ ಬಲದಲ್ಲೇ ಎದ್ದ.
ಬೆನ್ನು ಬಾಗಿಲಿನ ಚೌಕಟ್ಟಿನಷ್ಟು ನೆಟ್ಟಗೆ.
"ಹಿಸಾಬ್ ಭಾಯ್, ದಿನಕ್ಕೆ ಇನ್ನೂರು ಪೆಟ್ಟಿಗೆ ಎತ್ತುತ್ತೇನೆ.
ನೀವು ಏನು ಎತ್ತುತ್ತೀರಿ?"
ತಲೆಯೊಂದನ್ನೇ.
ಅದನ್ನೂ ಎತ್ತಿರಲಿಲ್ಲ.

ಈಗ ಲೀಟರಿನ ಬಾಟಲಿ ಬಿಟ್ಟು
ಸುಲೈಮಾನಿ ಚಹಾದ ಪುಟ್ಟ ಲೋಟದಲ್ಲಿ ನೀರು.
ಬೇಗ ಮುಗಿಯುತ್ತದೆ, ಏಳಲೇಬೇಕು.
ಝುಹರಿನ ಬಾಂಗಿಗೆ ಪಕ್ಕದ ಮೇಜಿನ ಖಲ್ಫಾನ್ ಎದ್ದಾಗ
ನಾನೂ ಏಳುತ್ತೇನೆ.
ಅವನು ವುಝುವಿಗೆ, ನಾನು ಕಿಟಕಿಗೆ.
ಕಿಟಕಿಯಲ್ಲಿ ಬೆಟ್ಟವಿದೆ.
ಹುಲ್ಲಿಲ್ಲ, ಮರವಿಲ್ಲ, ಸುಟ್ಟ ಹಂಚಿನ ಬಣ್ಣ.
ಹನ್ನೊಂದು ವರ್ಷ ಇಲ್ಲೇ ಇತ್ತಂತೆ.

ರಾತ್ರಿ ಫೋನನ್ನು ತೊಡೆಯ ಮೇಲಿಡದೆ
ಅಕ್ಕಿಯ ಡಬ್ಬಕ್ಕೆ ಆನಿಸಿ, ಕಣ್ಣೆದುರು ನಿಲ್ಲಿಸಿದೆ.
"ಪಪ್ಪಾ, ಇವತ್ತು ನಿನ್ನ ಮೂಗಿನ ಹೊಳ್ಳೆ ಕಾಣ್ತಾ ಇಲ್ಲ"
ಅಂದಳು ಶರಲ್, ಸ್ವಲ್ಪ ಬೇಸರದಲ್ಲೇ.

ನೋವು ಹೋಯಿತೇ ಅಂದರೆ, ಪೂರ್ತಿ ಇಲ್ಲ.
ಏಸಿಯ ಗಾಳಿ ನೇರ ಕತ್ತಿಗೆ ಬೀಸಿದ ದಿನ
ಹಳೇ ಸಾಲಗಾರನಂತೆ ಹೆಗಲು ತಟ್ಟಿ ಕೂರುತ್ತದೆ.
ನಾಳೆ ಮೂವತ್ತೊಂದು, ಲೆಕ್ಕ ಮುಗಿಸುವ ದಿನ.
ಎಲ್ಲೋ ಐದು ಬೈಸಾ ತಾಳೆಯಾಗದೆ
ಮೂರನೇ ದಶಾಂಶ ಕೈಬೀಸಿ ಕರೆಯುತ್ತದೆ,
ಬಾ, ಇನ್ನೂ ಹತ್ತಿರ ಬಾ, ಎಂದು.
ಅಕ್ಷರದ ಗಾತ್ರ ಇಮ್ಮಡಿ ಮಾಡಿಟ್ಟಿದ್ದೇನೆ.
ಬೇಕಿದ್ದರೆ ಅದೇ ಬರಲಿ
ನಾನು ಕೂತಲ್ಲಿಗೆ.